ಬೇಡಿಕೆ ಇಳಿಯಿತಾ, ಬೇಡಿಕೆಯ ಪ್ರಮಾಣ ಇಳಿಯಿತಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಅರ್ಥಶಾಸ್ತ್ರ ಈ ವರ್ಷ ಶುರು ಮಾಡಿದ್ದೇನೆ. ‘ಬೇಡಿಕೆ ಇಳಿಯಿತು’, ‘ಬೇಡಿಕೆಯ ಪ್ರಮಾಣ ಇಳಿಯಿತು’ ಇವೆರಡರ ವ್ಯತ್ಯಾಸ ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ. ರೇಖಾಚಿತ್ರ ತಪ್ಪಾಗಿ ಅಂಕವೂ ಹೋಯಿತು. ನೀವು ಹೇಗೆ ಕಲಿತಿರಿ?

ಮೊದಲ ಉತ್ತರ: ನಾನೂ ಇಲ್ಲೇ ಎಡವಿದ್ದೆ. ನನಗೆ ಬಿಡಿಸಿ ತೋರಿಸಿದ್ದು ಕೊಡೆಯ ಲೆಕ್ಕ. ಒಂದು ಹಾಳೆಯಲ್ಲಿ ಬರೆಯಿರಿ: ಬೆಲೆ 10 ಇದ್ದರೆ 80 ಕೊಡೆ ಹೋಗುತ್ತವೆ, 12 ಆದರೆ 60, 15 ಆದರೆ 40. ಈ ಇಡೀ ಪಟ್ಟಿಯೇ ಬೇಡಿಕೆ. ಬೆಲೆ 10ರಿಂದ 12ಕ್ಕೆ ಏರಿದರೆ ಪಟ್ಟಿ ಹಾಗೇ ಇರುತ್ತದೆ, ನಿಮ್ಮ ಬೆರಳು ಮಾತ್ರ ಒಂದು ಸಾಲು ಕೆಳಗಿಳಿಯುತ್ತದೆ. ಇಳಿದದ್ದು ಪ್ರಮಾಣ. ಈಗ ಜೋರು ಮಳೆ ಹಿಡಿಯಿತು ಅನ್ನಿ. ಬೆಲೆ 12ರಲ್ಲೇ ಇದೆ, ಆದರೂ 60ರ ಬದಲು 110 ಹೋಗುತ್ತವೆ. 10ಕ್ಕೂ 15ಕ್ಕೂ ಮೊದಲಿಗಿಂತ ಜಾಸ್ತಿಯೇ. ಹಳೆ ಪಟ್ಟಿ ಹೊಡೆದುಹಾಕಿ ಹೊಸದು ಬರೆಯಬೇಕು, ಅಲ್ವಾ? ಆಗ ಪಟ್ಟಿಯನ್ನು ಚಿತ್ರದಲ್ಲಿ ತೋರಿಸುವ ಬೇಡಿಕೆ ರೇಖೆಯೇ ಬಲಕ್ಕೆ ಸರಿಯುತ್ತದೆ.

ಎರಡನೆಯ ಉತ್ತರ: ಪಾಠ ಮಾಡುವವಳಾಗಿ ಒಂದು ಮಾತು. ಆದಾಯ, ಅಭಿರುಚಿ, ಕೊಳ್ಳುವವರ ಸಂಖ್ಯೆ, ಮುಂದೆ ಬೆಲೆ ಏರಬಹುದು ಅನ್ನುವ ನಿರೀಕ್ಷೆ, ಇವೆಲ್ಲ ಹೊಸ ಪಟ್ಟಿ ಬರೆಸುತ್ತವೆ. ಮಕ್ಕಳು ಜಾಸ್ತಿ ತಪ್ಪುವುದು ಬೇರೆ ವಸ್ತುವಿನ ಬೆಲೆ ಬಂದಾಗ. ಪ್ರಿಂಟರ್ ಅಗ್ಗವಾದರೆ ಪ್ರಿಂಟರ್‌ನ ರೇಖೆ ಅಲುಗುವುದಿಲ್ಲ, ಅದರ ಶಾಯಿಯ ರೇಖೆ ಬಲಕ್ಕೆ ಹೋಗುತ್ತದೆ. ಅವು ಪೂರಕ ಸರಕುಗಳು. ರೈಲು ಟಿಕೆಟ್ ಅಗ್ಗವಾದರೆ ಬಸ್ಸಿನ ರೇಖೆ ಎಡಕ್ಕೆ. ಅವು ಬದಲಿ ಸರಕುಗಳು. ಆದಾಯ ಏರಿದರೆ ಎಲ್ಲದರ ಬೇಡಿಕೆಯೂ ಏರುತ್ತದೆ ಅಂತ ಮಾತ್ರ ಬರೆಯಬೇಡಿ. ಕೈಯಲ್ಲಿ ನಾಲ್ಕು ಕಾಸು ಆಡಿದರೆ ಸೆಕೆಂಡ್ ಹ್ಯಾಂಡ್ ಬಿಟ್ಟು ಹೊಸದಕ್ಕೆ ಹೋಗುವವರಿದ್ದಾರೆ.

ಮೂರನೆಯ ಉತ್ತರ: ನಾನು ನೋಟ್‌ಬುಕ್ ಮಾರಾಟದಲ್ಲಿದ್ದೆ. ಬೆಲೆಯನ್ನು ಶೇ 10 ಏರಿಸಿದೆವು, ಮಾರಾಟವಾಗುವ ನೋಟ್‌ಬುಕ್ ಸಂಖ್ಯೆ ಶೇ 20 ಬಿತ್ತು. 100 ರೂಪಾಯಿ ಬರುತ್ತಿದ್ದ ಕಡೆ 88 ಬಂತು. ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಶೇ 1 ಬದಲಾದರೆ ಬೇಡಿಕೆಯ ಪ್ರಮಾಣ ಶೇ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ, 2 ಅಂತ ಲೆಕ್ಕ ಹಾಕಿ ಕೂತೆವು. ಆಮೇಲೆ ನೋಡಿದರೆ ಅದೇ ತಿಂಗಳು ಶಾಲೆಗಳಿಗೆ ರಜೆ! ಬಿದ್ದದ್ದರಲ್ಲಿ ಬೆಲೆಯ ಪಾಲೆಷ್ಟು, ರಜೆಯ ಪಾಲೆಷ್ಟು? 1890ರಲ್ಲೇ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ ಈ ಸ್ಥಿತಿಸ್ಥಾಪಕತ್ವವನ್ನು ವಿವರಿಸಿದ್ದರು. ‘ಉಳಿದೆಲ್ಲ ಹಾಗೇ ಇದ್ದಾಗ’ ಅನ್ನುವ ಷರತ್ತನ್ನು ನಾವು ಓದಿಯೂ ಮರೆತಿದ್ದೆವು.

ಪ್ರಶ್ನೆ ಕೇಳಿದವರು: ನೋಟ್‌ಬುಕ್ಕಿನ ಚಿತ್ರ ಈಗ ಬರೆದೆ. ರಜೆಗೆ ರೇಖೆ ಎಡಕ್ಕೆ. ಬೆಲೆ ಏರಿದ್ದಕ್ಕೆ ಆ ಹೊಸ ರೇಖೆಯ ಮೇಲೇ ಒಂದು ಬಿಂದು ಮೇಲಕ್ಕೆ. ಸರೀನಾ?

ಎರಡನೆಯ ಉತ್ತರ ಕೊಟ್ಟವರು: ಸರಿಯಾಗಿದೆ. ಬಾಣದ ಗುರುತು ಹಾಕಲು ಮರೆಯಬೇಡಿ.