80 ಕಿ.ಮೀ. ವೇಗದಲ್ಲಿ ಹಿಂದಿನ ಸೀಟಿನ ಕೆಳಗೆ ಕೊಯ್ಯ್ ಸದ್ದು: ಡಿಫರೆನ್ಶಿಯಲ್‌ಗೆ ಯಾವ ಬುಷ್ ಹಾಕಲಿ?

ಪ್ರಶ್ನೆ, ಕೋಲಾರದಿಂದ

ಎಲ್ಲರಿಗೂ ನಮಸ್ಕಾರ. ನನ್ನದು 2008ರ ಬಿಎಂಡಬ್ಲ್ಯೂ 325ಐ. ಆರು ಸಿಲಿಂಡರ್ ಪೆಟ್ರೋಲ್, ಆಟೊಮ್ಯಾಟಿಕ್. ವಾರಕ್ಕೆ ಐದು ದಿನ ಕೋಲಾರದಿಂದ ವೈಟ್‌ಫೀಲ್ಡ್‌ಗೆ ಓಡಾಟ. ವರ್ಷಕ್ಕೆ ಎರಡು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ. ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಮುಳಬಾಗಿಲಿನ ಆಂಜನೇಯನ ಗುಡಿಗೆ. ಎಲ್ಲಕ್ಕೂ ಇದೊಂದೇ ಕಾರು.

ಎರಡು ತಿಂಗಳ ಹಿಂದೆ ಗೇರನ್ನು ಡಿಯಿಂದ (ಮುಂದಕ್ಕೆ) ಆರ್‌ಗೆ (ಹಿಂದಕ್ಕೆ) ಹಾಕಿದಾಗಲೆಲ್ಲ ಹಿಂದಿನಿಂದ ಡಬ್ ಅನ್ನುತ್ತಿತ್ತು. ಲಿಫ್ಟ್ ಮೇಲೆ ಹಾಕಿ ನೋಡಿದರೆ ಡಿಫರೆನ್ಶಿಯಲ್ (ಹಿಂದಿನ ಎರಡು ಚಕ್ರಕ್ಕೂ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಕೂರುವ ಬುಷ್‌ನ, ಅಂದರೆ ಅದುರು ತಡೆಯುವ ಮೆತ್ತೆಯ, ರಬ್ಬರ್ ಸೀಳಿತ್ತು. ಒಂದು ರೂಪಾಯಿ ನಾಣ್ಯ ಆರಾಮಾಗಿ ತೂರುವಷ್ಟು ಸೀಳು. ಹೇಗೂ ಬಿಚ್ಚುತ್ತಿದ್ದೇವಲ್ಲ, ಗಟ್ಟಿಯದ್ದೇ ಇರಲಿ ಅಂತ ಶೋರ್ 95ಎ ಪಾಲಿಯುರೆಥೇನ್ (ಪಾಲಿ) ಹಾಕಿಸಿದೆ. ಶೋರ್ ಅಂದರೆ ಗಡಸುತನದ ಅಳತೆ, ಅಂಕಿ ಹೆಚ್ಚಿದಷ್ಟೂ ಗಟ್ಟಿ.

ಡಬ್ ನಿಂತಿತು. ಕಾಲು ಒತ್ತಿದ ತಕ್ಷಣ ಕಾರು ಎಳೆಯುತ್ತದೆ, ಅದು ನನಗೆ ತುಂಬಾ ಇಷ್ಟವಾಯಿತು. ಆದರೆ 80ರ ಹತ್ತಿರ ಬಂದರೆ ಹಿಂದಿನ ಸೀಟಿನ ಕೆಳಗಿಂದ ಒಂದೇ ಸಮನೆ ಕೊಯ್ಯ್ ಅನ್ನುತ್ತದೆ. "ಹಿಟ್ಟಿನ ಗಿರಣಿ ಪಕ್ಕ ಕೂತಂಗಾಯ್ತಲ್ಲೋ" ಅಂದರು ಅಮ್ಮ. ಅವರಿಗೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರುವುದೇ ಇಷ್ಟ. ಅವತ್ತು ದರ್ಶನ ಮುಗಿಸಿ ಬರುವಾಗ ಸುಮ್ನೆ ಮುಂದೆ ಬಂದು ಕೂತರು. ಅದೇ ನನಗೆ ಬೇಜಾರು.

ಇನ್ನೂ ಮೆತ್ತನೆಯ ಪಾಲಿ ಹಾಕಲಾ? ರಬ್ಬರ್‌ಗೇ ವಾಪಸ್ ಹೋಗಲಾ? ಇಲ್ಲ ಸೀಟಿನ ಕೆಳಗೆ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ಸಾಕಾ? ಡಿಫರೆನ್ಶಿಯಲ್ ಹೊತ್ತಿರುವ ಚೌಕಟ್ಟಿನ, ಅಂದರೆ ಸಬ್‌ಫ್ರೇಮ್‌ನ, ಬುಷ್ ಕಂಪನಿಯದೇ ಇದೆ, ಅದನ್ನು ಮುಟ್ಟಿಲ್ಲ.

ಉತ್ತರ, ಬಂಗಾರಪೇಟೆಯಿಂದ

ಸಬ್‌ಫ್ರೇಮ್ ಮುಟ್ಟದೇ ಇದ್ದದ್ದು ಒಳ್ಳೇದಾಯ್ತು ಬ್ರೋ. ಅದನ್ನು ಹಾಗೇ ಬಿಡಿ. ನಾನು ಸಬ್‌ಫ್ರೇಮ್‌ಗೆ ಅಲ್ಯೂಮಿನಿಯಂ, ಡಿಫರೆನ್ಶಿಯಲ್‌ಗೆ ಪಾಲಿ, ಎರಡನ್ನೂ ಒಟ್ಟಿಗೆ ಹಾಕಿದ್ದೆ. ಗೇರ್ ಸದ್ದು ಬಾಡಿಗೆ ಬರುವ ದಾರಿಯಲ್ಲಿ ಇರುವುದು ಆ ಎರಡೇ ತಡೆ. ಎರಡೂ ಹೋದ ಮೇಲೆ ಕಾರಿನೊಳಗೆ ಫೋನಿನಲ್ಲಿ ಮಾತಾಡೋಕೂ ಆಗುತ್ತಿರಲಿಲ್ಲ. ಟ್ರ್ಯಾಕ್‌ನಲ್ಲಿ ಮಾತ್ರ ಸೂಪರ್. ನಿಮ್ಮ ಓಡಾಟಕ್ಕೆ 70 ಅಥವಾ 80ಎ ಪಾಲಿ ನೋಡಿ.

ಉತ್ತರ, ಕೆಜಿಎಫ್‌ನಿಂದ

ತಮ್ಮಾ, ನಾನು ಬೆಮೆಲ್‌ನಲ್ಲಿ ಟರ್ನರ್ ಆಗಿದ್ದವನು. ಈಗ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಲೇತ್ ಇಟ್ಟುಕೊಂಡಿದ್ದೇನೆ. ಬುಷ್ ಒತ್ತುವ ಕೆಲಸ ನನ್ನ ಹತ್ತಿರ ಬರುತ್ತಲೇ ಇರುತ್ತದೆ.

ಮೊದಲು ಸದ್ದು ಯಾವುದು ಅಂತ ಗೊತ್ತು ಮಾಡಿಕೊ. 80ರಲ್ಲೇ ಹೋಗುತ್ತಾ ಗೇರ್ ಒಂದು ಕೆಳಗೆ ಇಳಿಸು. ಎಂಜಿನ್ ಜಾಸ್ತಿ ತಿರುಗಿದರೂ ಕೊಯ್ಯ್ ಬದಲಾಗದಿದ್ದರೆ ಅದು ಎಂಜಿನ್ನಿನದಲ್ಲ. ಆಮೇಲೆ ಆಕ್ಸಿಲರೇಟರ್‌ನಿಂದ ಕಾಲು ತೆಗೆ. ಕಾಲು ತೆಗೆದಾಗ ಸದ್ದಿನ ಧಾಟಿ ಬದಲಾದರೆ ಡಿಫರೆನ್ಶಿಯಲ್ ಒಳಗಿನ ಕ್ರೌನ್ ಪಿನಿಯನ್ ಗೇರ್ ಕಡೆ ನೋಡಬೇಕು. ರಸ್ತೆ ಖಾಲಿ ಇದ್ದಾಗ ಸ್ವಲ್ಪ ಎಡಕ್ಕೆ ಬಲಕ್ಕೆ ತಿರುಗಿಸು. ಒಂದು ಕಡೆಗೆ ಜಾಸ್ತಿ, ಇನ್ನೊಂದು ಕಡೆಗೆ ಕಡಿಮೆ ಆದರೆ ವೀಲ್ ಬೇರಿಂಗ್.

ಲೆಕ್ಕವನ್ನೂ ಹಾಕಬಹುದು. 17 ಇಂಚಿನ 225/45 ಟೈರ್ ಒಂದು ಸುತ್ತಿಗೆ ಹತ್ತಿರ ಹತ್ತಿರ 2 ಮೀಟರ್ ಹೋಗುತ್ತದೆ. 80ರಲ್ಲಿ ಸೆಕೆಂಡಿಗೆ 11 ಸುತ್ತು ಚಿಲ್ಲರೆ. ಕ್ರೌನ್ ವೀಲಿಗೆ 41 ಹಲ್ಲು ಅಂದ್ಕೊ. ಸೆಕೆಂಡಿಗೆ ಸುಮಾರು 455 ಸಲ ಹಲ್ಲಿಗೆ ಹಲ್ಲು ಕಚ್ಚುತ್ತದೆ. ಕೊಯ್ಯ್ ಅನ್ನುವುದು ಅದೇ, 455 ಹರ್ಟ್ಜ್. ಮುಂದಿನಿಂದ ಡಿಫರೆನ್ಶಿಯಲ್‌ಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟಿನ ಬ್ಯಾಲೆನ್ಸ್ ತಪ್ಪಿದ್ದರೆ ಕೊಯ್ಯ್ ಅನ್ನುವುದಿಲ್ಲ. ಆ ವೇಗದಲ್ಲಿ ಸೆಕೆಂಡಿಗೆ 35ರಿಂದ 40 ಸಲ ನಡುಕ, ಸೀಟಿನಲ್ಲಿ ಗೊತ್ತಾಗುತ್ತದೆ.

ಈ ಹಲ್ಲಿನ ಸದ್ದು ಮೊದಲೂ ಇತ್ತು ತಮ್ಮಾ. ರಬ್ಬರ್ ಅದನ್ನು ನುಂಗುತ್ತಿತ್ತು. ಕಾರಿನ ರಬ್ಬರ್ ಬುಷ್ ಸಾಮಾನ್ಯವಾಗಿ ಶೋರ್ 50ರಿಂದ 60ಎ ಇರುತ್ತದೆ. 95ಎ ಅಂದರೆ ಉಗುರು ಒತ್ತಿದರೂ ಇಳಿಯುವುದಿಲ್ಲ. ಬುಷ್ ಮೆತ್ತಗಿದ್ದಷ್ಟೂ ಇನ್ನೂ ಕೆಳಗಿನ ಫ್ರೀಕ್ವೆನ್ಸಿಯಿಂದಲೇ ತಡೆಯಲು ಶುರು ಮಾಡುತ್ತದೆ. ಡ್ಯಾಂಪಿಂಗ್ ಶೀಟ್ ತಗಡಿನ ಗುಂಯ್ ಕಡಿಮೆ ಮಾಡುತ್ತದೆ ಅಷ್ಟೇ. ಕಬ್ಬಿಣದ ದಾರಿಯಲ್ಲಿ ನೇರವಾಗಿ ಬರುವ ಸದ್ದನ್ನು ನಿಲ್ಲಿಸುವುದಿಲ್ಲ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ನೀನು ಹೋಲಿಸುತ್ತಿರುವುದು ಹರಿದ ರಬ್ಬರನ್ನು ಹೊಸ ಪಾಲಿ ಜೊತೆ. ಹೊಸ ರಬ್ಬರ್ ಹಾಕಿ ಈ ಕಾರನ್ನು ನೀನು ಓಡಿಸೇ ಇಲ್ಲ ಅಲ್ವಾ? ನಿನಗೆ ಇಷ್ಟವಾದ ಆ ಎಳೆತದಲ್ಲಿ ಮುಕ್ಕಾಲು ಪಾಲು ಹೊಸ ರಬ್ಬರ್‌ನಲ್ಲೂ ಸಿಗುತ್ತದೆ. ನಿಮ್ಮಮ್ಮ ಕೂರುವ ಕಾರಿಗೆ ನಾನಾಗಿದ್ದರೆ ಅದನ್ನೇ ಹಾಕುತ್ತಿದ್ದೆ.

ಹಾಕುವಾಗ ಒಂದು ಎಚ್ಚರ. ರಬ್ಬರ್ ಬುಷ್‌ನಲ್ಲಿ ಖಾಲಿ ಕಿಂಡಿಗಳಿರುತ್ತವೆ. ಅವು ಯಾವ ಕಡೆಗೆ ಇರಬೇಕು ಅಂತ ಲೆಕ್ಕವಿದೆ. ತಿರುಗಿ ಕೂತರೆ ಬೇಕಾದ ಕಡೆ ಗಟ್ಟಿ ಇರುವುದಿಲ್ಲ, ಬೇಗ ಹರಿಯುತ್ತದೆ. ಮ್ಯಾನ್ಯುಅಲ್ ನೋಡಿ ಸಬ್‌ಫ್ರೇಮ್ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಹಾಕಿಕೊಳ್ಳಿ. ಸುತ್ತಿಗೆಯಲ್ಲಿ ಬಡಿಯಬೇಡಿ. ಉದ್ದ ಥ್ರೆಡ್ ರಾಡ್, ಎರಡು ಕಡೆ ಸರಿಯಾದ ಅಳತೆಯ ಕಪ್ ಇಟ್ಟು ನಿಧಾನಕ್ಕೆ ಎಳೆಯಬೇಕು. ಬುಷ್ ಪೂರ್ತಿ ಕೂರದಿದ್ದರೆ ಡಿಫರೆನ್ಶಿಯಲ್ ಓರೆಯಾಗಿ ನಿಲ್ಲುತ್ತದೆ, ಆಗ ಶಾಫ್ಟ್ ನಡುಗಲು ಶುರು. ಕಪ್ ಬೇಕಾದರೆ ಅಳತೆ ತಗೊಂಡು ಬಾ, ಲೇತ್‌ನಲ್ಲಿ ಕಡೆದು ಕೊಡುತ್ತೇನೆ.

ಡಿಫರೆನ್ಶಿಯಲ್‌ನ ಆಯಿಲ್ ಪ್ಲಗ್ ಬಿಚ್ಚಿ ಮಟ್ಟವನ್ನೂ ನೋಡು. ಒಂದು ತೊಟ್ಟು ಬೆರಳಲ್ಲಿ ಉಜ್ಜು. ನುಣ್ಣಗಿದ್ದರೆ ಸರಿ. ಮರಳಿನಂತೆ ಚುಚ್ಚಿದರೆ ಬುಷ್ ವಿಷಯ ಬಿಡು, ಮೊದಲು ಒಳಗಿನ ಬೇರಿಂಗ್ ನೋಡಿಸು.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

ತುಂಬಾ ಥ್ಯಾಂಕ್ಸ್ ಸರ್. ನರಸಾಪುರ ದಾಟಿದ ಮೇಲೆ ಬೆಳಗ್ಗೆ ಆರಕ್ಕೆ ಪರೀಕ್ಷೆ ಮಾಡಿದೆ. ಗೆಳೆಯ ಸದ್ದಿನ ಫ್ರೀಕ್ವೆನ್ಸಿ ಅಳೆಯಲು ಹಿಂದಿನ ಸೀಟಿನಲ್ಲಿ ಫೋನ್ ಹಿಡಿದು ಕೂತಿದ್ದ. 60ರಲ್ಲಿ 340 ಹರ್ಟ್ಜ್, 80ರಲ್ಲಿ 455. ಗೇರ್ ಇಳಿಸಿದರೂ ಅಷ್ಟೇ. ನೀವು ಹೇಳಿದ ಲೆಕ್ಕ ಫೋನಿನಲ್ಲಿ ಕಂಡಾಗ ಮೈ ಜುಮ್ಮೆಂದಿತು. ಆಯಿಲ್ ನುಣ್ಣಗಿತ್ತು, ಆದರೂ 75ಡಬ್ಲ್ಯೂ-90 ಗೇರ್ ಆಯಿಲ್ ಹೊಸದು ಹಾಕಿಸಿದೆ.

ನಿಮ್ಮ ಕಪ್‌ನಲ್ಲೇ ಹೊಸ ರಬ್ಬರ್ ಕೂರಿಸಿದ್ದಾಯಿತು. 95ಎ ಪಾಲಿಯಷ್ಟು ಚುರುಕಿಲ್ಲ, ನಿಜ. ಕಾಲು ಒತ್ತಿದಾಗ ಕೂದಲೆಳೆಯಷ್ಟು ತಡ. ಆದರೆ ಡಬ್ ಇಲ್ಲ. 80ರಲ್ಲಿ ಕಿವಿಗೊಟ್ಟು ಕೇಳಿದರೂ ಏನೂ ಇಲ್ಲ. ಮೊನ್ನೆ ಭಾನುವಾರ ಅಮ್ಮ ಹಿಂದಿನ ಸೀಟಿನಲ್ಲೇ ಕಾಲು ಚಾಚಿಕೊಂಡು ಮುಳಬಾಗಿಲವರೆಗೂ ಹೂವು ಕಟ್ಟಿದರು.

95ಎ ಸೆಟ್ ಮನೆಯಲ್ಲಿದೆ, ಎರಡು ತಿಂಗಳೂ ಓಡಿಲ್ಲ. ಬರೀ ಟ್ರ್ಯಾಕ್‌ಗೆ ಅಂತ ಕಾರು ಇಟ್ಟಿರುವವರು ಯಾರಾದರೂ ಇದ್ದರೆ ಹೇಳಿ, ಬಂದು ತಗೊಂಡು ಹೋಗಿ.