ಪರಾಗ ಹಚ್ಚಿದರೂ ನೈದಿಲೆಯಲ್ಲಿ ಕಾಯಿ ಕಟ್ಟುತ್ತಿಲ್ಲ, ತಪ್ಪೆಲ್ಲಿ?

ಕೊಳದಂಚು:
ಎಲ್ಲರಿಗೂ ನಮಸ್ಕಾರ. ನನ್ನ ಕೊಳದಲ್ಲಿ ಎರಡು ಹಾರ್ಡಿ, ಅಂದರೆ ಚಳಿ ತಡೆಯುವ ನೈದಿಲೆ ಇವೆ. ಕೆಂಪು ಎಸ್ಕಾರ್ಬೂಕ್ಲ್, ಹಳದಿ ಕ್ರೊಮಾಟೆಲ್ಲಾ. ಎರಡನ್ನೂ ಕೂಡಿಸಿದರೆ ಕಿತ್ತಳೆ ಬಣ್ಣದ್ದೇನಾದರೂ ಹುಟ್ಟುತ್ತದಾ ನೋಡೋಣ ಅಂತ ಎರಡು ವರ್ಷದಿಂದ ಕುಂಚ ಹಿಡಿದು ಕೂತಿದ್ದೇನೆ. ಹದಿನೈದು ಹೂವಿಗಾದರೂ ಪರಾಗ ಹಚ್ಚಿರಬಹುದು. ಹೂ ಮುಚ್ಚಿಕೊಳ್ಳುತ್ತದೆ, ಮುಳುಗುತ್ತದೆ, ಒಂದು ವಾರದಲ್ಲಿ ಕೊಳೆತು ಲೋಳೆಯಾಗುತ್ತದೆ. ಒಂದೇ ಒಂದು ಕಾಯಿ ನಿಂತಿಲ್ಲ. ಗಿಡ ಮಾತ್ರ ದಷ್ಟಪುಷ್ಟವಾಗಿದೆ. ಆರು ಗಂಟೆ ಬಿಸಿಲು ಬೀಳುತ್ತದೆ.

ಹಸಿರೆಲೆ:
ಗೊಬ್ಬರ ಸಾಲದೇನೋ. ಕುಂಡಕ್ಕೆ ಇನ್ನೊಂದೆರಡು ಗುಳಿಗೆ ಹೂತು ನೋಡಿ.

ಕೆಸರುಕೈ:
ಗೊಬ್ಬರದ ವಿಷಯ ಅಲ್ಲ ಅನ್ನಿಸುತ್ತದೆ. ಹೂ ಬರುತ್ತಿದೆಯಲ್ಲ. ಸುಮ್ನೆ ಗುಳಿಗೆ ತುರುಕಿದರೆ ಪಾಚಿ ಜಾಸ್ತಿಯಾಗುತ್ತದೆ, ಅಷ್ಟೇ. ಕೊಳದಂಚು ಅವರೇ, ಅರಳಿದ ಎಷ್ಟನೇ ದಿನ ಪರಾಗ ಹಚ್ಚುತ್ತೀರಿ?

ಕೊಳದಂಚು:
ಎರಡನೇ ದಿನ ಸರ್. ಮೊದಲ ದಿನ ಹೂವಿನಲ್ಲಿ ಪುಡಿಯೇ ಇರುವುದಿಲ್ಲ. ಇನ್ನೂ ಬಲಿತಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಿದ್ದೆ.

ಕೆಸರುಕೈ:
ಸಿಕ್ಕಿತು ನೋಡಿ. ನೈದಿಲೆ ಹೂ ಮೊದಲ ದಿನ ಹೆಣ್ಣು, ಮರುದಿನದಿಂದ ಗಂಡು. ಮೊದಲ ಬೆಳಗ್ಗೆ ಅರಳುವಾಗ ಬಗ್ಗಿ ನೋಡಿ. ನಡುವೆ ಪುಟ್ಟ ಬಟ್ಟಲಿನಂಥ ಜಾಗ, ಅದರಲ್ಲಿ ಅಂಟಂಟಾದ ತಿಳಿನೀರು, ಸುತ್ತ ನೆಟ್ಟಗೆ ನಿಂತ ಕೇಸರಗಳು. ಬೇರೆ ಹೂವಿಗೆ ಹೋಗಿ ಪರಾಗ ಮೆತ್ತಿಕೊಂಡ ಹುಳ ಜಾರಿ ಆ ನೀರಿಗೆ ಬೀಳುತ್ತದೆ. ಮೈಮೇಲಿನ ಪುಡಿಯೆಲ್ಲ ಅಲ್ಲೇ ತೊಳೆದುಹೋಗುತ್ತದೆ. ಒಮ್ಮೊಮ್ಮೆ ಪಾಪ, ಹುಳವೂ ಅಲ್ಲೇ ಸಾಯುತ್ತದೆ. ಎರಡನೇ ದಿನಕ್ಕೆ ಬಟ್ಟಲು ಒಣಗಿ, ಕೇಸರಗಳು ಒಳಕ್ಕೆ ಬಾಗಿ ಅದನ್ನು ಮುಚ್ಚಿಬಿಡುತ್ತವೆ. ನೀವು ಬೀಗ ಹಾಕಿದ ಮನೆಯ ಬಾಗಿಲು ತಟ್ಟುತ್ತಿದ್ದೀರಿ.

ಹೀಗೆ ಮಾಡಿ. ತಂದೆ ಗಿಡದಲ್ಲಿ ಎರಡು ಅಥವಾ ಮೂರು ದಿನದ ಹೂವಿನಿಂದ ಪುಡಿ ಬಿಡುತ್ತಿರುವ ಕೇಸರಗಳನ್ನು ಕತ್ತರಿಸಿಕೊಳ್ಳಿ. ತಾಯಿ ಗಿಡದಲ್ಲಿ ಅವತ್ತೇ ಅರಳಿದ ಹೂ ಹುಡುಕಿ, ಅದರ ಸ್ವಂತ ಕೇಸರಗಳನ್ನು ಸಣ್ಣ ಕತ್ತರಿಯಿಂದ ತೆಗೆದುಹಾಕಿ. ಆಮೇಲೆ ತಂದೆಯ ಪುಡಿಯನ್ನು ಬಟ್ಟಲಿನ ನೀರಿಗೇ ಉದುರಿಸಿ. ಕುಂಚ ಬೇಡ, ಅರ್ಧ ಪುಡಿ ಕೂದಲಲ್ಲೇ ಉಳಿಯುತ್ತದೆ. ಜೇನುನೊಣ ಬರದ ಹಾಗೆ ಮೇಲೊಂದು ಸೊಳ್ಳೆಪರದೆ ತುಂಡು ಕಟ್ಟಿ.

ಆದರೆ ಇಷ್ಟು ಮಾಡಿದರೂ ನಿಮ್ಮ ಜೋಡಿಯಿಂದ ನನಗೆ ಭರವಸೆ ಇಲ್ಲ. ಎರಡೂ ಫ್ರಾನ್ಸಿನ ಲತೂರ್-ಮಾರ್ಲಿಯಾಕ್ ಮಾಡಿದ ಹಳೇ ತಳಿಗಳು. ಚಳಿ ತಡೆಯುವ ನೈದಿಲೆಗೆ ಬಣ್ಣ ತಂದವನೇ ಆತ. 1889ರ ಪ್ಯಾರಿಸ್ ಮೇಳದಲ್ಲಿ ತನ್ನ ಹೂಗಳನ್ನು ಪ್ರದರ್ಶನಕ್ಕಿಟ್ಟಿದ್ದ. ಹೇಗೆ ಮಾಡಿದೆ ಅಂತ ಮಾತ್ರ ಬಾಯಿ ಬಿಡಲಿಲ್ಲ! ಅವನ ಮಿಶ್ರತಳಿಗಳಲ್ಲಿ ಹೆಚ್ಚಿನವು ಬಂಜೆ. ಗಡ್ಡೆ ತುಂಡು ಮಾಡಿಯೇ ಬೆಳೆಸಬೇಕು.

ಕೊಳದಂಚು:
ಅಯ್ಯೋ. ಹಾಗಾದರೆ ಕಿತ್ತಳೆಯ ಆಸೆ ಬಿಡಬೇಕಾ?

ಕೆಸರುಕೈ:
ಯಾಕೆ ಬಿಡಬೇಕು? ಜೋಡಿ ಬದಲಿಸಿ. ಕೊಲೊರಾಡೊ ಅನ್ನುವ ಹೂ ನೋಡಿದ್ದೀರಾ, ಮಾಗಿದ ಪೀಚ್ ಹಣ್ಣಿನ ಬಣ್ಣದ್ದು? ಅಮೆರಿಕದ ಕರ್ಕ್ ಸ್ಟ್ರಾನ್ ಮಾಡಿದ ತಳಿ. ಲೂಯಿಸ್ ವಿಲ್ಮರೆಟ್ ತಾಯಿ, ಹಳದಿ ಹೂವಿನ ಮೆಕ್ಸಿಕಾನಾ ತಂದೆ. ಟೆಕ್ಸಾಸ್ ಡಾನ್ ಕೂಡ ಪಿಂಕ್ ಸ್ಟಾರ್ಲೆಟ್‌ಗೆ ಇದೇ ಮೆಕ್ಸಿಕಾನಾ ಸೇರಿಸಿ ಬಂದದ್ದು. ಬೀಜ ಕಟ್ಟುವ ತಾಯಿ ಬೇಕಿದ್ದರೆ ಪೆರ್ರೀಸ್ ಫೈರ್ ಓಪಲ್ ಇಟ್ಟುಕೊಳ್ಳಿ. ಮೆಕ್ಸಿಕಾನಾವನ್ನು ಮಾತ್ರ ಬೇರೆ ಟಬ್ಬಿನಲ್ಲೇ ಬೆಳೆಸಿ. ಬಳ್ಳಿ ಬಿಟ್ಟು ಓಡುವ ಗಿಡ ಅದು. ಕೊಳಕ್ಕೆ ಬಿಟ್ಟು ನಾನು ಒಂದು ವರ್ಷ ಕಿತ್ತಿದ್ದೇ ಕಿತ್ತಿದ್ದು.

ಹಸಿರೆಲೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಹಾರ್ಡಿಯಲ್ಲಿ ನೀಲಿ ಇಲ್ಲವೇ ಇಲ್ಲ ಅಲ್ವಾ?

ಕೆಸರುಕೈ:
ಮೊದಲು ಇರಲಿಲ್ಲ. 2007ರಲ್ಲಿ ಥಾಯ್ಲೆಂಡಿನ ಪೈರತ್ ಸೊಂಗ್‌ಪಾನಿಚ್ ಹಾರ್ಡಿಗೆ ಬಿಸಿನಾಡಿನ ಟ್ರಾಪಿಕಲ್ ನೈದಿಲೆ ಕೂಡಿಸಿ ಸಯಾಮ್ ಬ್ಲೂ ಹಾರ್ಡಿ ಮಾಡಿದರು. ಅದು ಬೇರೆಯೇ ಮಟ್ಟದ ತಾಳ್ಮೆ. ನಮ್ಮಂಥವರು ಮೊದಲು ಒಂದು ಕಾಯಿ ನೋಡೋಣ.

ಕೊಳದಂಚು:
ಮುಂದಿನ ವರ್ಷದ ವರದಿ. ಫೈರ್ ಓಪಲ್, ಮೆಕ್ಸಿಕಾನಾ ಎರಡನ್ನೂ ತಂದೆ. ನೀವು ಹೇಳಿದ ಹಾಗೆ ಮೊದಲ ಬೆಳಗ್ಗೆಯೇ ಪುಡಿ ಉದುರಿಸಿದೆ. ಆರು ಹೂವಿನಲ್ಲಿ ಐದು ಎಂದಿನಂತೆ ಕೊಳೆತವು. ಒಂದರ ದಂಟು ಮಾತ್ರ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡು ತಲೆಯನ್ನು ನೀರೊಳಗೆ ಎಳೆದುಕೊಂಡಿದೆ. ಮುಟ್ಟಿದರೆ ಗಟ್ಟಿ. ಇದು ಕಾಯಿಯೇನಾ ಸರ್?

ಕೆಸರುಕೈ:
ಕಾಯಿಯೇ! ಇವತ್ತೇ ತೆಳು ಬಟ್ಟೆಯ ಚೀಲ ಕಟ್ಟಿ. ಮೂರ್ನಾಲ್ಕು ವಾರದಲ್ಲಿ ನೀರೊಳಗೇ ಒಡೆಯುತ್ತದೆ. ಬೀಜಗಳು ಲೋಳೆ ಸುತ್ತಿಕೊಂಡು ತೇಲಿ ಹೊರಟರೆ ಆಮೇಲೆ ಕೈಗೆ ಸಿಗುವುದಿಲ್ಲ. ಸಿಕ್ಕ ಬೀಜ ಒಣಗಿಸಬೇಡಿ, ನೀರಲ್ಲೇ ಇಡಿ. ಕೆಲವು ತಳಿಯ ಬೀಜ ಸ್ವಲ್ಪ ದಿನ ತಣ್ಣಗಿದ್ದರಷ್ಟೇ ಮೊಳೆಯುತ್ತದೆ. ಅರ್ಧ ಬಿತ್ತಿ, ಇನ್ನರ್ಧ ನೀರಿನ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಬಾಟಲಿ ಮೇಲೆ ಹೆಸರು ಬರೆಯಿರಿ, ನಮ್ಮ ಮನೆಯಲ್ಲಿ ಒಮ್ಮೆ ಯಾರೋ ಚೆಲ್ಲಿಬಿಟ್ಟಿದ್ದರು.