ಬ್ಲೆಂಡರ್‌ನಲ್ಲಿ ಕನ್ನಡದ ಉಬ್ಬಕ್ಷರ: ಒತ್ತಕ್ಷರ ಒಡೆಯದಂತೆ ಮಾಡುವುದು ಹೇಗೆ?

ಪ್ರಶ್ನೆ – ತೀರ್ಥಹಳ್ಳಿ ಓದುಗ

ನಮ್ಮೂರಿನ ಗ್ರಂಥಾಲಯದ ಬಾಗಿಲ ಮೇಲೆ ರಾಜ್ಯೋತ್ಸವದ ಹೊತ್ತಿಗೆ ಉಬ್ಬಕ್ಷರದ ನಾಮಫಲಕವೊಂದನ್ನು ಹಾಕಬೇಕೆಂಬ ಆಸೆಯಿಂದ ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶವನ್ನು ಕಲಿಯತೊಡಗಿದ್ದೇನೆ. ಅಕ್ಷರಗಳನ್ನು ಅದರಲ್ಲಿ ರೂಪಿಸಿ, ಶಿವಮೊಗ್ಗದಲ್ಲಿ ತ್ರೀಡಿ ಪ್ರಿಂಟ್ ಮಾಡಿಸುವ ಯೋಚನೆಯಿದೆ. ಶಿಫ್ಟ್ ಜೊತೆ ಎ ಒತ್ತಿ ಟೆಕ್ಸ್ಟ್ ಸೇರಿಸುವುದು, ಟ್ಯಾಬ್ ಒತ್ತಿ ಅದನ್ನು ತಿದ್ದುವುದು, ನೋಟೊ ಸಾನ್ಸ್ ಕನ್ನಡ ಫಾಂಟ್ ಆರಿಸುವುದು ಇಷ್ಟು ಬಂದಿದೆ. ‘ನಗರ’ ಎಂದು ಬರೆದರೆ ಸರಿಯಾಗಿಯೇ ಕಾಣುತ್ತದೆ. ಆದರೆ ‘ತೀರ್ಥಹಳ್ಳಿ’ ಎಂದು ಅಂಟಿಸಿದೊಡನೆ ದೀರ್ಘ, ಅರ್ಕಾವೊತ್ತು, ಳ ಒತ್ತು ಎಲ್ಲವೂ ಕಳಚಿಕೊಂಡು ಬಿಡಿಬಿಡಿಯಾಗಿ ನಿಲ್ಲುತ್ತವೆ. ಬೇರೆ ಫಾಂಟ್ ಹಾಕಿದರೂ ಹೀಗೆಯೇ. ಇದು ಫಾಂಟಿನ ದೋಷವೇ, ಇಲ್ಲವೇ ಎಲ್ಲಾದರೂ ಆಯ್ಕೆಯೊಂದನ್ನು ಬದಲಿಸಬೇಕೇ?

ಉತ್ತರ – ಸಾಗರದಿಂದ

ಫಾಂಟಿನಲ್ಲಿ ದೋಷವಿಲ್ಲ. ಯೂನಿಕೋಡ್ ಕನ್ನಡದಲ್ಲಿ ವ್ಯಂಜನ, ವಿರಾಮ (ಅರ್ಧಾಕ್ಷರದ ಚಿಹ್ನೆ), ಸ್ವರಚಿಹ್ನೆಗಳು ಬೇರೆಬೇರೆ ಸಂಕೇತಗಳಾಗಿ ಇರುತ್ತವೆ. ಅವನ್ನು ಓದಿ, ಫಾಂಟಿನಲ್ಲಿರುವ ನಿಯಮಗಳಂತೆ ಕೂಡಿಸಿ, ಒತ್ತನ್ನು ಕೆಳಗಿಳಿಸಿ ಅರ್ಕಾವೊತ್ತನ್ನು ಮುಂದಕ್ಕೆ ಸರಿಸುವ ಕೆಲಸವನ್ನು ತಂತ್ರಾಂಶವೇ ಮಾಡಬೇಕು. ಬ್ಲೆಂಡರ್‌ನ ಟೆಕ್ಸ್ಟ್ ವಸ್ತು ಆ ಕೆಲಸವನ್ನು ಮಾಡುವುದಿಲ್ಲ. ‘ನಗರ’ದಲ್ಲಿ ಕೂಡಿಸಬೇಕಾದದ್ದೇನೂ ಇಲ್ಲದ್ದರಿಂದ ಅದು ಸರಿಯಾಗಿ ಬಂತು.

ಆದ್ದರಿಂದ ಅಕ್ಷರವನ್ನು ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶದಲ್ಲಿ ಬರೆಯಿರಿ. ಅಲ್ಲಿ ಕನ್ನಡ ಸರಿಯಾಗಿ ಜೋಡಣೆಯಾಗುತ್ತದೆ. ಬಳಿಕ ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ (ಅಕ್ಷರವನ್ನು ಬರಿಯ ಗೆರೆಗಳಾಗಿ ಬದಲಿಸುವ ಆಜ್ಞೆ) ಕೊಟ್ಟು, ಅನ್‌ಗ್ರೂಪ್ ಮಾಡಿ, ಎಲ್ಲವನ್ನೂ ಆರಿಸಿಕೊಂಡು ಒಂದಾಗಿಸುವ ಯೂನಿಯನ್ ಕೊಡಿ. ಈ ಕೊನೆಯ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ: ಗೆರೆಗಳು ಒಂದರ ಮೇಲೊಂದು ಹಾಯ್ದಿದ್ದರೆ, ಹಾಯ್ದ ಜಾಗವನ್ನು ಬ್ಲೆಂಡರ್ ತೂತೆಂದು ತಿಳಿಯುವ ಸಂಭವವಿದೆ. ಎಸ್‌ವಿಜಿ ಎಂಬ ರೇಖಾಚಿತ್ರದ ಕಡತವಾಗಿ ಉಳಿಸಿ ಬ್ಲೆಂಡರ್‌ಗೆ ಇಂಪೋರ್ಟ್ ಮಾಡಿದಾಗ ಅಕ್ಷರಗಳು ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿರುತ್ತವೆ. ಅವನ್ನು ಹಿಗ್ಗಿಸಿ, ಕಂಟ್ರೋಲ್ ಜೊತೆ ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿದ ಮೇಲೆಯೇ ಜ್ಯಾಮಿಟ್ರಿ ವಿಭಾಗದಲ್ಲಿ ಎಕ್ಸ್‌ಟ್ರೂಡ್ (ಅಕ್ಷರಕ್ಕೆ ದಪ್ಪ ಕೊಡುವ) ಅಳತೆಯನ್ನು ಕೊಡಿ. ಎಕ್ಸ್‌ಟ್ರೂಡ್ ಮುಂದಕ್ಕೂ ಹಿಂದಕ್ಕೂ ಬೆಳೆಯುವುದರಿಂದ, ಕೊಟ್ಟ ಅಳತೆಯ ಎರಡರಷ್ಟು ದಪ್ಪ ಬರುತ್ತದೆ.

ಉತ್ತರ – ಶಿವಮೊಗ್ಗದ ಡಿಟಿಪಿ ಕೆಲಸಗಾರ

ಮೇಲಿನ ವಿಧಾನ ಸರಿಯಾಗಿದೆ. ಆದರೆ ಒಮ್ಮೆ ಪಾತ್ ಆದ ಅಕ್ಷರವನ್ನು ಮತ್ತೆ ಟೈಪ್ ಮಾಡಿ ತಿದ್ದಲಾಗುವುದಿಲ್ಲ. ಹೆಸರುಗಳು ಪದೇಪದೇ ಬದಲಾಗುವಂತಿದ್ದರೆ ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳು ನೆರವಿಗೆ ಬರುತ್ತವೆ. ಅವುಗಳಲ್ಲಿ ಒತ್ತು, ದೀರ್ಘ ಮುಂತಾದ ಪ್ರತಿಯೊಂದು ಆಕಾರಕ್ಕೂ ತನ್ನದೇ ಸಂಕೇತವಿರುವುದರಿಂದ ಜೋಡಿಸುವ ಯಂತ್ರವೇ ಬೇಕಾಗುವುದಿಲ್ಲ. ಯೂನಿಕೋಡ್ ಪಠ್ಯವನ್ನು ‘ನುಡಿ’ ಸಂಕೇತಕ್ಕೆ ಪರಿವರ್ತಿಸಿ, ಬ್ಲೆಂಡರ್‌ನಲ್ಲಿ ಅಂಟಿಸಿ, ಅದೇ ಫಾಂಟನ್ನು ಕೊಡಿ. ಇದು ಚಿತ್ರ ಅಥವಾ ವಿಡಿಯೊ ಶೀರ್ಷಿಕೆಗೆ ಸಾಕು. ಪ್ರಿಂಟ್ ಮಾಡಿಸುವುದಾದರೆ, ತುಣುಕುಗಳು ಒಂದರೊಳಗೊಂದು ಹೊಕ್ಕಿರುವುದರಿಂದ ಮೆಶ್ (ಮೇಲ್ಮೈಗಳ ಜಾಲ) ಆಗಿ ಬದಲಿಸಿ, ರೀಮೆಶ್ ಮಾಡಿ ಒಂದೇ ಮೈಯಾಗಿಸಬೇಕಾಗುತ್ತದೆ.

ಮರುಪ್ರಶ್ನೆ – ತೀರ್ಥಹಳ್ಳಿ ಓದುಗ

ಇಬ್ಬರಿಗೂ ಧನ್ಯವಾದಗಳು. ಇಂಕ್‌ಸ್ಕೇಪ್ ದಾರಿಯಲ್ಲಿ ‘ತೀರ್ಥಹಳ್ಳಿ’ ಇಡಿಯಾಗಿ ಬಂತು. ಆದರೆ ಅಂಚು ದುಂಡಗಾಗಲೆಂದು ಬೆವೆಲ್ ಹೆಚ್ಚಿಸಿದರೆ ಅಕ್ಷರಗಳು ಊದಿಕೊಂಡು ಥ ಮತ್ತು ಳ ಅಕ್ಷರಗಳ ಒಳಗಿನ ಜಾಗ ಮುಚ್ಚಿಹೋಗುತ್ತಿದೆ.

ಉತ್ತರ – ಸಾಗರದಿಂದ

ಬೆವೆಲ್ ಹೊರಮೈಗೆ ದಪ್ಪ ಸೇರಿಸುತ್ತದೆ. ಕನ್ನಡದ ಅಕ್ಷರಗಳಲ್ಲಿ ಸುರುಳಿಗಳೂ ಕಿರಿದಾದ ಕಂಡಿಗಳೂ ಹೆಚ್ಚಿರುವುದರಿಂದ ಇಂಗ್ಲಿಷಿಗೆ ಒಗ್ಗುವ ಅಳತೆ ಇಲ್ಲಿ ಒಗ್ಗದು. ಅದೇ ವಿಭಾಗದಲ್ಲಿರುವ ಆಫ್‌ಸೆಟ್‌ಗೆ ಬೆವೆಲ್‌ನಷ್ಟೇ ಋಣ ಬೆಲೆಯನ್ನು ಕೊಟ್ಟರೆ ಮೂಲದ ಅಗಲ ಉಳಿಯುತ್ತದೆ. ಅಂಚಿನ ನುಣುಪನ್ನು ನಿರ್ಧರಿಸುವ ರೆಸಲ್ಯೂಶನ್ ತುಂಬಾ ಏರಿಸಬೇಕಾಗಿಲ್ಲ.

ಪ್ರಿಂಟಿಗೆ ಕೊಡುವ ಮುನ್ನ ಇನ್ನೊಂದು ಮುಖ್ಯ ಸಂಗತಿಯಿದೆ. ನಿಮ್ಮ ಊರಿನ ಹೆಸರಿನಲ್ಲಿ ಥ ಒಳಗಿನ ಚುಕ್ಕಿ, ಅರ್ಕಾವೊತ್ತು, ಳ ಒತ್ತು ಇವು ಮೂಲ ಅಕ್ಷರಕ್ಕೆ ತಾಗುವುದೇ ಇಲ್ಲ. ಹಾಗೆಯೇ ಪ್ರಿಂಟ್ ಮಾಡಿದರೆ ಇವೆಲ್ಲ ಬೇರೆಬೇರೆ ಚೂರುಗಳಾಗಿ ಕೈಗೆ ಬರುತ್ತವೆ. ಅದಕ್ಕಾಗಿ ಹಿಂದೆ ಒಂದು ಹಲಗೆ ಇರಲೇಬೇಕು. ನಮ್ಮ ಗುಡಿಗಾರರು ಶ್ರೀಗಂಧದಲ್ಲಿ ಉಬ್ಬುಚಿತ್ರ ಕೆತ್ತುವಾಗ ತಳದ ಮರವನ್ನು ಉಳಿಸಿಕೊಳ್ಳುವುದಿಲ್ಲವೇ, ಹಾಗೆ. ಒಂದು ಕ್ಯೂಬನ್ನು ಚಪ್ಪಟೆ ಮಾಡಿ, ಅಕ್ಷರದ ಹಿಂಭಾಗ ಅದರೊಳಗೆ ಸ್ವಲ್ಪ ಹೊಕ್ಕುವಂತೆ ಇಟ್ಟು, ಅಕ್ಷರವನ್ನು ಮೆಶ್‌ಗೆ ಬದಲಿಸಿ, ಎರಡನ್ನೂ ಬೂಲಿಯನ್ ಮಾಡಿಫೈಯರ್‌ನ ಯೂನಿಯನ್ ಆಯ್ಕೆಯಿಂದ ಒಂದುಗೂಡಿಸಿ. ಪ್ರಿಂಟಿಗೆ ಕಳಿಸುವ ಎಸ್‌ಟಿಎಲ್ ಕಡತದಲ್ಲಿ ಅಳತೆಯ ಮಾನ ದಾಖಲಾಗುವುದಿಲ್ಲ, ಆಕಾರವನ್ನು ಪ್ರಿಂಟಿಗಾಗಿ ಪದರಗಳಾಗಿ ಸೀಳುವ ಸ್ಲೈಸರ್ ತಂತ್ರಾಂಶಗಳು ಸಾಮಾನ್ಯವಾಗಿ ಒಂದು ಯೂನಿಟ್ಟನ್ನು ಒಂದು ಮಿಲಿಮೀಟರ್ ಎಂದೇ ಓದುತ್ತವೆ. ಆದುದರಿಂದ ಫಲಕದ ಅಗಲವನ್ನು ಅಂಗಡಿಯವರಿಗೆ ಬರೆದೇ ಕೊಡಿ. ಪ್ರಿಂಟರಿನ ಸಾಮಾನ್ಯ ನಾಝಲ್ (ಪ್ಲಾಸ್ಟಿಕ್ ಹೊರಬರುವ ಮೂತಿ) 0.4 ಮಿಲಿಮೀಟರ್ ಇರುವುದರಿಂದ ಒತ್ತಿನ ಅತಿ ತೆಳುವಾದ ಗೆರೆಯೂ ಅದರ ಎರಡರಷ್ಟಾದರೂ ಅಗಲವಿರಲಿ. ‘ಬಲೂ ತಮ್ಮ’ ಎಂಬಂತಹ ದಪ್ಪ ಫಾಂಟ್ ಇದಕ್ಕೆ ಒಳ್ಳೆಯದು. ಬಾಗಿಲಿಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವಂತಿದ್ದರೆ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಬೇಡ, ಅದು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಅದಕ್ಕಿಂತ ಹೆಚ್ಚು ಬಿಸಿ ತಾಳುವ ಪಿಇಟಿಜಿ ಪ್ಲಾಸ್ಟಿಕ್ ಇದೆಯೇ ಎಂದು ವಿಚಾರಿಸಿ.